ಜಲಾಶಯದ ಹೂಳು, ಊರ ಕೆರೆಯ ಹೂಳು: ಸದಸ್ಯರು ತಿಳಿದಿರಬೇಕಾದ ಲೆಕ್ಕ

ಎರಡನೆಯ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ತುಂಗಭದ್ರಾ ಜಲಾಶಯದ ಹೂಳಿನ ಮಾತು ಬರುತ್ತದೆ. ಬಳ್ಳಾರಿ ನಗರದ ಗಾಂಧಿನಗರದ ನಲ್ಲಿಯಿಂದ ಹಿಡಿದು ಸಿರುಗುಪ್ಪದ ಕಾಲುವೆಯ ಕೊನೆಯಂಚಿನ ಭತ್ತದ ಗದ್ದೆಯವರೆಗೆ ಬಹುಮಟ್ಟಿಗೆ ಆಧಾರವಾಗಿರುವುದು ಈ ಒಂದೇ ಜಲಾಶಯ. ಆದ್ದರಿಂದ ಹೂಳು ಎತ್ತಿಸಬೇಕೆಂಬ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಆ ಕೆಲಸದ ಪ್ರಮಾಣವೆಷ್ಟು, ಅದರಲ್ಲಿ ಗ್ರಾಮ ಪಂಚಾಯತಿಯ ಕೈಗೆ ಎಟುಕುವುದು ಯಾವುದು ಎಂಬುದನ್ನು ಲೆಕ್ಕ ಹಾಕಿ ನೋಡದೆ ನಿರ್ಣಯ ಕೈಗೊಂಡರೆ ಅದು ಕಡತದಲ್ಲಿಯೇ ಉಳಿಯುತ್ತದೆ.

ಜಲಾಶಯದಲ್ಲಿ ನೀರು ಮೊದಲು ನಿಂತದ್ದು 1953ರಲ್ಲಿ. ಆಗಿನ ಸಂಗ್ರಹ ಸಾಮರ್ಥ್ಯ ಸುಮಾರು 132.47 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು 100.85 ಟಿಎಂಸಿ ಎಂದೂ, 2016ರ ಸಮೀಕ್ಷೆಯಲ್ಲಿ 105.79 ಟಿಎಂಸಿ ಎಂದೂ ಕಂಡುಬಂದಿತು. ನಡುವಿನ ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕರಗಿತೆಂದು ಇದರ ಅರ್ಥವಲ್ಲ. ಇಷ್ಟು ವಿಸ್ತಾರವಾದ ಜಲರಾಶಿಯ ತಳವನ್ನು ಅಳೆಯುವಾಗ ವಿಧಾನಕ್ಕೆ ತಕ್ಕಂತೆ ಅಂಕಿಗಳು ಹಿಂದುಮುಂದಾಗುತ್ತವೆ. ಈಗ ರೂಢಿಯಲ್ಲಿರುವ ಎರಡನೆಯ ಅಂಕಿಯನ್ನೇ ಹಿಡಿದರೂ ಕಳೆದುಹೋದ ಸ್ಥಳ 26 ಟಿಎಂಸಿಗೂ ಹೆಚ್ಚು.

ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಆ ಪ್ರಕಾರ ತುಂಬಿರುವ ಹೂಳು ಸುಮಾರು 75 ಕೋಟಿ ಘನ ಮೀಟರ್. ಒಂದು ಟಿಪ್ಪರ್ ಒಮ್ಮೆಗೆ 10 ಘನ ಮೀಟರ್ ಒಯ್ಯುವುದೆಂದು ಹಿಡಿದರೆ ಏಳೂವರೆ ಕೋಟಿ ಟ್ರಿಪ್ಪುಗಳಾಗುತ್ತವೆ. ಸಾವಿರ ಟಿಪ್ಪರ್‌ಗಳು ದಿನಕ್ಕೆ ಹತ್ತು ಬಾರಿಯಂತೆ, ನೀರು ಇಳಿದಿರುವ ಬೇಸಿಗೆಯ ನೂರು ದಿನ ಬಿಡುವಿಲ್ಲದೆ ಓಡಿದರೂ ಕೆಲಸ ಮುಗಿಯಲು 75 ಬೇಸಿಗೆಗಳು ಬೇಕು. ಅಷ್ಟರೊಳಗೆ ಹೊಸ ಹೂಳು ಬಂದು ಸೇರದಿದ್ದರೆ ಎಂಬ ಷರತ್ತಿನ ಮೇಲೆ! 1953ರಿಂದ 2016ರವರೆಗಿನ ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್, ಅಂದರೆ 12 ಲಕ್ಷ ಟಿಪ್ಪರ್ ಹೂಳು ಒಳಗೆ ಬಂದಿದೆ. ಮೇಲೆ ಹೇಳಿದ ಸಾವಿರ ಟಿಪ್ಪರ್‌ಗಳು ಒಂದು ಬೇಸಿಗೆಯಲ್ಲಿ ಹೊರಹಾಕುವುದು 10 ಲಕ್ಷ. ಹೀಗೆ ಹಳೆಯ ಹೂಳಿನ ಮಾತಿರಲಿ, ವರ್ಷ ವರ್ಷ ಬರುವುದನ್ನು ತೆಗೆಯುವುದಕ್ಕೂ ಆ ಏರ್ಪಾಡು ಸಾಲದು. ತೆಗೆದ ಮಣ್ಣನ್ನು ಎಲ್ಲಿ ಸುರಿಯಬೇಕೆಂಬುದು ಬೇರೆಯೇ ಪ್ರಶ್ನೆ.

2017ರ ಬೇಸಿಗೆಯಲ್ಲಿ ಈ ಭಾಗದ ರೈತರು ‘ಹೂಳಿನ ಜಾತ್ರೆ’ ಎಂಬ ಹೆಸರಿನಲ್ಲಿ ತಾವೇ ಜಲಾಶಯಕ್ಕಿಳಿದು ಹೂಳು ತೆಗೆಯಲು ಮುಂದಾದರು. ತೆಗೆದ ಮಣ್ಣಿನ ಪ್ರಮಾಣ ನೋಡಿ ಅದನ್ನು ಅಳೆಯುವುದು ಸರಿಯಲ್ಲ. ನೀರಿಲ್ಲದ ಗದ್ದೆಯ ಸಂಕಟವನ್ನು ಅದು ರಾಜ್ಯಕ್ಕೆ ತೋರಿಸಿತು. ನಷ್ಟವಾದ ಸಂಗ್ರಹವನ್ನು ಸರಿದೂಗಿಸಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ನಿರ್ಮಿಸುವ ಪ್ರಸ್ತಾವನೆ ಬಂದುದರ ಹಿಂದೆಯೂ ಇದೇ ಟಿಪ್ಪರ್ ಲೆಕ್ಕವಿದೆಯೆಂದು ತಿಳಿಯಬಹುದು.

ಪ್ರವಾಹ ಕಾಲದಲ್ಲಿ ತಳದ ದ್ವಾರಗಳನ್ನು ತೆರೆದು ಹೂಳನ್ನು ನೀರಿನೊಡನೆ ಹೊರಗೆ ಕೊಚ್ಚಿಸಬಾರದೇಕೆ ಎಂದು ಕೆಲವರು ಕೇಳುವುದುಂಟು. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟು 1960ರಲ್ಲಿ ಸಿದ್ಧವಾದ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬತೊಡಗಿದಾಗ, ತಳಮಟ್ಟದಲ್ಲಿ ಹೊಸ ದ್ವಾರಗಳನ್ನು ಮಾಡಿ ಈ ಉಪಾಯವನ್ನೇ ಅನುಸರಿಸಲಾಯಿತು. ಆದರೆ ಹಾಗೆ ಮಾಡಲು ಜಲಾಶಯದ ಮಟ್ಟವನ್ನು ಬಹಳ ಇಳಿಸಬೇಕು, ಬಂದ ನೀರನ್ನು ಬಿಟ್ಟುಕೊಡಬೇಕು. ಹರಿಯುವ ನೀರಿನ ವೇಗ ಕುಂದಿದೊಡನೆ ದಪ್ಪ ಮರಳು ಹಿನ್ನೀರಿನ ತಲೆಯಲ್ಲಿಯೇ ನಿಲ್ಲುತ್ತದೆ, ನಯವಾದ ಕೆಸರು ಮಾತ್ರ ಒಡ್ಡಿನ ಕಡೆಗೆ ಸಾಗುತ್ತದೆ. ಆದ್ದರಿಂದ ಮಟ್ಟ ಇಳಿಸದೆ ದ್ವಾರ ತೆರೆದರೆ ಅದರ ಆಸುಪಾಸಿನ ಹೂಳಷ್ಟೇ ಹೊರಡುತ್ತದೆ. ಪ್ರತಿ ಟಿಎಂಸಿಯೂ ರಾಜ್ಯಗಳ ನಡುವೆ ಹಂಚಿಕೆಯಾಗಿ, ತುಂಗಭದ್ರಾ ಮಂಡಳಿಯ ಲೆಕ್ಕಕ್ಕೆ ಒಳಪಟ್ಟಿರುವಲ್ಲಿ ಇಂತಹ ತೀರ್ಮಾನ ಯಾವುದೇ ಒಂದು ಜಿಲ್ಲೆಯದಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ನಿವಾರಿಸಬೇಕು. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳು ಅಣೆಕಟ್ಟಿನ ಕೆಳಗಿವೆ. ಜಲಾಶಯಕ್ಕೆ ಮಣ್ಣು ಬರುವುದು ತುಂಗಾ, ಭದ್ರಾ, ವರದಾ ನದಿಗಳ ಮೇಲಣ ಜಿಲ್ಲೆಗಳಿಂದ. ಇಲ್ಲಿಯ ಹೊಲಗಳಿಂದ ಕೊಚ್ಚಿಹೋಗುವ ಮಣ್ಣು ಹಳ್ಳಗಳನ್ನೂ ವೇದಾವತಿಯನ್ನೂ ಸೇರಿ, ಕೆಳಗೆ ತುಂಗಭದ್ರೆಯ ಮೂಲಕ ಶ್ರೀಶೈಲದ ಜಲಾಶಯದ ಕಡೆಗೆ ಹೋಗುತ್ತದೆ. ಇಲ್ಲಿ ಬದು ಹಾಕಿದರೆ ಹೊಸಪೇಟೆಯ ಅಣೆಕಟ್ಟಿನ ಹೂಳು ಕಡಿಮೆಯಾಗದು. ಕಡಿಮೆಯಾಗುವುದು ಊರಿನ ಹಳ್ಳದ ಮತ್ತು ಕೆರೆಯ ಹೂಳು.

ಕೆರೆಯ ಲೆಕ್ಕ ನೋಡಿದರೆ ಚಿತ್ರವೇ ಬೇರೆ. ಹತ್ತು ಎಕರೆ ವಿಸ್ತೀರ್ಣದ ಕೆರೆಯಲ್ಲಿ ಸರಾಸರಿ ಒಂದು ಮೀಟರ್ ಹೂಳಿದೆಯೆಂದು ಭಾವಿಸೋಣ. ಅದು ಸುಮಾರು 40,000 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರ್ ಒಂದಕ್ಕೆ 3 ಘನ ಮೀಟರಿನಂತೆ 13,500 ಟ್ರಿಪ್ಪು. ಇಪ್ಪತ್ತು ಟ್ರ್ಯಾಕ್ಟರ್‌ಗಳು ದಿನಕ್ಕೆ ಹದಿನೈದು ಟ್ರಿಪ್ಪು ಹೊಡೆದರೆ ನಲವತ್ತೈದು ದಿನಗಳಲ್ಲಿ ಮುಗಿಯುವ ಕೆಲಸ. ದೊರೆಯುವ ಸ್ಥಳದಲ್ಲಿ 4 ಕೋಟಿ ಲೀಟರ್ ನೀರು ನಿಲ್ಲುತ್ತದೆ. ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲಜೀವನ ಮಿಷನ್ ಪ್ರಮಾಣದಲ್ಲಿ ಅದು ಎರಡು ಸಾವಿರ ಜನರ ಊರಿಗೆ ಒಂದು ವರ್ಷದ ನೀರು. ಬಳ್ಳಾರಿಯ ಬಿಸಿಲಿನಲ್ಲಿ ಆವಿಯಾಗುವುದನ್ನೂ ನೆಲಕ್ಕೆ ಇಂಗುವುದನ್ನೂ ಕಳೆದರೂ ಬೇಸಿಗೆ ದಾಟಿಸಲು ಅದು ಚಿಕ್ಕ ಆಸರೆಯಲ್ಲ.

ಇದರಲ್ಲಿ ಅತ್ಯಂತ ಎಚ್ಚರ ಬೇಕಾದುದು ಕಾಲುವೆಯಿಂದ ತುಂಬಿಸುವ ಕುಡಿಯುವ ನೀರಿನ ಕೆರೆಗಳ ವಿಷಯದಲ್ಲಿ. ಕಾಲುವೆಯ ನೀರು ತನ್ನೊಡನೆ ನಯವಾದ ಕೆಸರನ್ನು ತರುತ್ತದೆ. ವರ್ಷಕ್ಕೆ ಅದು ಕೆಲವೇ ಅಂಗುಲವಾದರೂ ಹತ್ತು ವರ್ಷಗಳಲ್ಲಿ ಕೆರೆಯ ಹೊಟ್ಟೆ ತುಂಬುತ್ತದೆ. ಆದರೆ ಕಾಲುವೆ ನಿಂತ ಮೇಲೆ ಊರಿಗೆ ಉಳಿಯುವುದು ಅದೇ ಕೆರೆಯ ನೀರು. ಹೂಳಿಗಾಗಿ ಅದನ್ನು ಬೇಸಿಗೆಯ ಆರಂಭದಲ್ಲಿ ಖಾಲಿ ಮಾಡಿದರೆ ಜನರು ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲಬೇಕಾಗುತ್ತದೆ. ಕಾಲುವೆಗೆ ಮರಳಿ ನೀರು ಬಿಡುವ ಮುಂಚಿನ ಕೆಲವೇ ವಾರಗಳು, ಕೆರೆ ತಾನಾಗಿ ತಳ ಕಂಡಾಗ, ಈ ಕೆಲಸಕ್ಕೆ ಸಿಗುವ ಕಾಲ. ಆದುದರಿಂದ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಹೂಳು ಒಯ್ಯುವ ರೈತರ ಪಟ್ಟಿ ಇವೆಲ್ಲವೂ ಫೆಬ್ರುವರಿಯೊಳಗೆ ಸಿದ್ಧವಾಗಿರಬೇಕು; ಮೇ ತಿಂಗಳಿನಲ್ಲಿ ಕಡತ ತೆರೆದರೆ ಆ ವರ್ಷ ಕಳೆದಂತೆಯೇ. ಕೆರೆ ದೊಡ್ಡದಿದ್ದರೆ ನಡುವೆ ಮಣ್ಣಿನ ಅಡ್ಡ ಒಡ್ಡು ಹಾಕಿ, ಒಂದು ವರ್ಷ ಒಂದು ಭಾಗ, ಮರುವರ್ಷ ಇನ್ನೊಂದು ಭಾಗ ತೆಗೆಯಬಹುದು. ತಳಕ್ಕೆ ಪ್ಲಾಸ್ಟಿಕ್ ಹಾಸು ಅಥವಾ ಜೇಡಿಯ ಹಾಸು ಇರುವ ಕೆರೆಗೆ ಜೆಸಿಬಿ ಇಳಿಸುವ ಮುನ್ನ ಹಾಸು ಎಷ್ಟು ಆಳದಲ್ಲಿದೆಯೆಂದು ಗುಂಡಿ ತೆಗೆದು ನೋಡಬೇಕು. ಹಾಸು ಹರಿದ ಕೆರೆ ಆಳವಾಗಿ ಕಂಡರೂ ನೀರು ಹಿಡಿಯದು.

ಹಳೆಯ ಕೆರೆಗಳಿಗೂ ಇದೇ ನಿಯಮ. ಕಾಲಾಂತರದಲ್ಲಿ ಗಟ್ಟಿಯಾದ ಮೂಲ ತಳವೇ ಆ ಕೆರೆಯ ರಕ್ಷಾಕವಚ. ಹೂಳು ಮುಗಿದು ಮೂಲ ಮಣ್ಣಿನ ಬಣ್ಣ ಬದಲಾಗುವಲ್ಲಿಗೆ ಅಗೆತ ನಿಲ್ಲಬೇಕು, ಏರಿಯ ಬುಡಕ್ಕೆ ಸಮೀಪ ಅಗೆಯಲೇಬಾರದು. ಮರಳಿನ ಆಸೆಗೆ ಆಳ ಹೆಚ್ಚಿಸುವವರು ಎಲ್ಲ ಕಡೆ ಇರುತ್ತಾರೆ. ಆ ಕಾರಣಕ್ಕಾಗಿಯೇ ಟ್ರಿಪ್ಪುಗಳನ್ನು ಎಣಿಸಿ ಬಿಲ್ ಮಾಡದೆ, ಕೆಲಸಕ್ಕೆ ಮುಂಚೆ ಮತ್ತು ನಂತರ ಮಟ್ಟ ತೆಗೆದು, ಅಳತೆ ಪುಸ್ತಕದಲ್ಲಿ ದಾಖಲಿಸಿ, ಅದನ್ನು ಸದಸ್ಯರು ಸ್ಥಳದಲ್ಲಿಯೇ ಪರಿಶೀಲಿಸಬೇಕು.

ಹೂಳು ಯಾರ ಹೊಲಕ್ಕೆ ಎಂಬುದರಲ್ಲಿಯೂ ವಿವೇಚನೆ ಬೇಕು. ಕೆರೆಯ ಗೋಡು ನೀರು ಹಿಡಿಯದ ಮಸಾರಿ ಹೊಲಕ್ಕೆ ವರ. ಎಕರೆಗೆ ಒಂದು ಅಂಗುಲ ಹರಡಲು ಸುಮಾರು 34 ಟ್ರೇಲರ್ ಬೇಕಾಗುತ್ತದೆ. ಮೊದಲೇ ಅಂಟಾಗಿರುವ ಎರೆ ಹೊಲಕ್ಕೆ ಅದೇ ಗೋಡು ಹಾಕಿದರೆ ಪ್ರಯೋಜನ ಕಡಿಮೆ, ನೀರು ಬಸಿಯುವುದು ಇನ್ನೂ ಕಷ್ಟವಾಗಬಹುದು. ಕಾಲುವೆಯ ಕೊನೆಯ ಭಾಗದ ಸವಳು ನೆಲದ ನೀರು ಇಳಿಯುವ ಕೆರೆಗಳ ಹೂಳಿನಲ್ಲಿ ಉಪ್ಪಿನಂಶವಿರುವ ಸಂಭವವೂ ಇದೆ. ಹಂಚುವ ಮುನ್ನ ಮೂರು ನಾಲ್ಕು ಕಡೆಯ ಮಾದರಿ ತೆಗೆದು ರೈತ ಸಂಪರ್ಕ ಕೇಂದ್ರದ ಮೂಲಕವಾಗಲಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದಾಗಲಿ ಪರೀಕ್ಷೆ ಮಾಡಿಸುವುದು ಲೇಸು. ರೈತರು ಸ್ವಂತ ಖರ್ಚಿನಲ್ಲಿ ಸಾಗಿಸಲು ಒಪ್ಪಿದಲ್ಲಿ ಅಂದಾಜು ಪಟ್ಟಿಯಲ್ಲಿ ಅಗೆತದ ದರ ಮಾತ್ರ ಇರಬೇಕು. ಸಾಗಣೆಯ ದೂರಕ್ಕೆಂದು ಲೀಡ್ ಸೇರಿಸಿದ್ದರೆ ಸಭೆಯಲ್ಲಿ ಕಾರಣ ಕೇಳುವುದು ಸದಸ್ಯರ ಹಕ್ಕು.

ಅಧಿಕಾರ ವ್ಯಾಪ್ತಿಯ ಮಾತು ಹೇಳುವುದಾದರೆ, 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರಿವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಹೊಲಗಾಲುವೆಗಳ ಹೂಳು ಮತ್ತು ಜೊಂಡನ್ನು ನೀರು ಬಳಕೆದಾರರ ಸಹಕಾರ ಸಂಘದೊಡನೆ ಕೂಡಿ, ನೀರು ಬಿಡುವ ಮೊದಲೇ ತೆಗೆಸಬೇಕು.

ಹೂಳೆತ್ತಿದ ಕೆರೆಗೆ ನೀರು ಬರುವ ಹಳ್ಳದ ಬಾಯಿಯಲ್ಲಿ ಚಿಕ್ಕದೊಂದು ಹೂಳುಗುಂಡಿ ತೋಡಿ, ಮೇಲೆ ಕಲ್ಲಿನ ತಡೆ ಕಟ್ಟಿದರೆ ದಪ್ಪ ಮಣ್ಣು ಅಲ್ಲಿಯೇ ಉಳಿಯುತ್ತದೆ. ಆ ಗುಂಡಿಯನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಖಾಲಿ ಮಾಡುವ ಖರ್ಚನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಪ್ರತ್ಯೇಕ ಬಾಬತ್ತಾಗಿ ತೋರಿಸತಕ್ಕದ್ದು.