ಕಾಣದ ಕೊಳ್ಳುಗ

ಸಂತೆಯಲ್ಲಿ ಮಾರುವವನು ಕೊಳ್ಳುವವನ ಮುಖವನ್ನು ನೋಡಿ, ಹಣವನ್ನು ಎಣಿಸಿಕೊಂಡ ಮೇಲೆಯೇ ಸರಕನ್ನು ಒಪ್ಪಿಸುತ್ತಾನೆ. ಅಂತರಜಾಲದ ಸಂತೆಯಲ್ಲಿ ಮುಖವೂ ಕಾಣದು, ಹಣವೂ ಕೈಗೆ ತಾಕದು. ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ವಂಚಕರುಂಟು.

ಅಮೆರಿಕದಲ್ಲಿ ಒಬ್ಬನು ತನ್ನ ಮೋಟಾರ್ ಸೈಕಲ್ಲನ್ನು 4,000 ಡಾಲರಿಗೆ ಮಾರಲು ಅಂತರಜಾಲದಲ್ಲಿ ಜಾಹೀರಾತು ನೀಡಿದನೆಂದು ಭಾವಿಸೋಣ. ಪರದೇಶದವನೊಬ್ಬನು ವಾಹನವನ್ನು ನೋಡದೆ, ಚೌಕಾಸಿಯನ್ನೂ ಮಾಡದೆ ಒಪ್ಪಿಕೊಂಡು 6,000 ಡಾಲರಿನ ಚೆಕ್ಕನ್ನು ಕಳುಹಿಸುತ್ತಾನೆ. ಹೆಚ್ಚಿನ 2,000 ಡಾಲರನ್ನು, ವಾಹನವನ್ನು ಹಡಗಿಗೇರಿಸುವ ಏಜೆಂಟನಿಗೆ ಕೂಡಲೇ ರವಾನಿಸಬೇಕೆಂದು ಕೋರುತ್ತಾನೆ. ಬ್ಯಾಂಕು ಚೆಕ್ಕಿನ ಹಣವನ್ನು ಕೆಲವೇ ದಿನಗಳಲ್ಲಿ ಬಳಕೆಗೆ ಬಿಡುತ್ತದೆ. ಹಣ ಬಂದಿತೆಂದು ನಂಬಿದ ಮಾರಾಟಗಾರನು 2,000 ಡಾಲರನ್ನು ಕಳುಹಿಸಿಬಿಡುತ್ತಾನೆ. ಚೆಕ್ಕು ಖೋಟಾ ಎಂಬುದು ಬಯಲಾಗಲು ವಾರಗಳೇ ಹಿಡಿಯಬಹುದು. ಆಗ ಬ್ಯಾಂಕು ಇಡೀ 6,000 ಡಾಲರನ್ನು ಅವನಿಂದಲೇ ಹಿಂದಕ್ಕೆ ಪಡೆಯುತ್ತದೆ. ವಾಹನವನ್ನು ಒಯ್ಯಲು ಯಾರೂ ಬರುವುದಿಲ್ಲ. ವಂಚಕನ ಕಣ್ಣಿದ್ದುದು ಆ 2,000 ಡಾಲರಿನ ಮೇಲೆ. ಏಜೆಂಟನೂ ಅವನ ಕಡೆಯವನೇ.

ಖಾತೆಯಲ್ಲಿ ಕಂಡ ಹಣವೆಲ್ಲ ಕೈಸೇರಿದ ಹಣವಲ್ಲ. ಚೆಕ್ಕಿನ ಮೇಲಿರುವ ದೂರವಾಣಿ ಸಂಖ್ಯೆಯನ್ನು ನಂಬದೆ, ಆ ಬ್ಯಾಂಕಿನ ಸಂಖ್ಯೆಯನ್ನು ತಾನೇ ಹುಡುಕಿ ವಿಚಾರಿಸಬೇಕು. ಕೇಳಿದ ಬೆಲೆಗಿಂತ ಹೆಚ್ಚು ಕೊಡಬಂದವನ ಚೆಕ್ಕನ್ನು ಒಪ್ಪದಿರುವುದೇ ಲೇಸು. ಅವಸರಪಡಿಸುವವನ ಮುಂದೆ ತಾಳ್ಮೆಯೇ ವಿವೇಕ.