ಹೋಲಿಕೆಯ ಅಳತೆಗೋಲು ಮತ್ತು ವಿದ್ಯಾರ್ಥಿಯ ಮನಸ್ಸು

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಮೊದಲಿಗಳಾಗಿದ್ದ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಸೇರಿದ ಕೆಲವೇ ತಿಂಗಳುಗಳಲ್ಲಿ ಮೌನಿಯಾಗುವುದು, ತನಗೇನೂ ಬಾರದೆಂದು ಹೇಳತೊಡಗುವುದು ಗಡಿನಾಡಿನ ಶಿಕ್ಷಕರಿಗೆ ಅಪರಿಚಿತ ಸಂಗತಿಯಲ್ಲ. ಅವಳ ಕಲಿಕೆ ಕುಂದಿರುವುದಿಲ್ಲ. ಅವಳು ತನ್ನನ್ನು ಅಳೆದುಕೊಳ್ಳುವ ಗುಂಪು ಬದಲಾಗಿರುತ್ತದೆ.

ಸಾಮರ್ಥ್ಯವನ್ನು ಅಳೆಯಲು ಖಚಿತವಾದ ಮಾನದಂಡ ದೊರೆಯದಿದ್ದಾಗ ಮನುಷ್ಯನು ಇತರರೊಡನೆ ಹೋಲಿಸಿಕೊಳ್ಳುತ್ತಾನೆಂದು ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಪ್ರತಿಪಾದಿಸಿದರು. ಹೋಲಿಕೆಗೆ ಆಯ್ದುಕೊಳ್ಳುವುದು ತನ್ನಂತೆಯೇ ಇರುವವರನ್ನು. ಆದ್ದರಿಂದಲೇ ಪಕ್ಕದ ಬೆಂಚಿನವಳ ಅಂಕ ನೋಯಿಸುವಷ್ಟು ಹೆಸರಾಂತ ವಿಜ್ಞಾನಿಯ ಸಾಧನೆ ನೋಯಿಸದು. ಸಮಾನ ಸಾಮರ್ಥ್ಯದ ಮಕ್ಕಳಲ್ಲಿ, ಪ್ರತಿಭಾವಂತರೇ ತುಂಬಿದ ಶಾಲೆಯಲ್ಲಿರುವವರು ತಮ್ಮ ಕಲಿಕೆಯನ್ನು ಕಡಿಮೆಯಾಗಿ ಎಣಿಸುವರೆಂದು 1984ರಲ್ಲಿ ಹರ್ಬರ್ಟ್ ಮಾರ್ಷ್ ಮತ್ತು ಪಾರ್ಕರ್ ತೋರಿಸಿಕೊಟ್ಟರು. ಸಣ್ಣ ಕೊಳದ ದೊಡ್ಡ ಮೀನು ಕೆರೆಗೆ ಬಂದಾಗ ತಾನು ಕುಗ್ಗಿದೆನೆಂದು ಭಾವಿಸಿದಂತೆ.

ಗಡಿನಾಡಿನ ವಿದ್ಯಾರ್ಥಿಗೆ ಕೊಳದೊಡನೆ ಭಾಷೆಯೂ ಬದಲಾಗುತ್ತದೆ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲವಳು ‘ಫೋಟೋಸಿಂಥೆಸಿಸ್’ ಎಂಬ ಪದ ಕೇಳಿ ಸುಮ್ಮನಾಗುತ್ತಾಳೆ. ಕಾಸರಗೋಡಿನಲ್ಲಿ ಮಲಯಾಳವನ್ನೂ ಸೊಲ್ಲಾಪುರದಲ್ಲಿ ಮರಾಠಿಯನ್ನೂ ಎರಡೂ ಕಡೆ ಇಂಗ್ಲಿಷನ್ನೂ ನಿರರ್ಗಳವಾಗಿ ಆಡುವ ಸಹಪಾಠಿ ತತ್‌ಕ್ಷಣ ಉತ್ತರಿಸುತ್ತಾನೆ. ಮಾತಿನ ವೇಗವು ತಿಳಿವಳಿಕೆಯೆಂದೂ ಮೌನವು ಅಜ್ಞಾನವೆಂದೂ ಮೊದಲು ತರಗತಿಗೆ, ಬಳಿಕ ಅವಳಿಗೇ ತೋರುತ್ತದೆ. ಈ ಎರಡನೆಯ ಹೆಜ್ಜೆಯೇ ಅಪಾಯಕಾರಿ. ಪ್ರಶ್ನೆ ಕೇಳುವುದು ನಿಲ್ಲುತ್ತದೆ. ಕೇಳದಿದ್ದುದರಿಂದ ಅಂಕ ನಿಜವಾಗಿಯೂ ಇಳಿಯುತ್ತದೆ. ಹುಸಿಯಾಗಿದ್ದ ಹೋಲಿಕೆ ತನಗೆ ತಾನೇ ಸಾಕ್ಷ್ಯ ಒದಗಿಸಿಕೊಳ್ಳುತ್ತದೆ.

ಕೈಯಲ್ಲಿರುವ ಮೊಬೈಲು ಇದನ್ನು ತರಗತಿಯ ಆಚೆಗೂ ಒಯ್ಯುತ್ತದೆ. 2004ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ಫೇಸ್‌ಬುಕ್ ಅಮೆರಿಕದ ಇತರ ಕಾಲೇಜುಗಳಿಗೆ ಹಂತಹಂತವಾಗಿ ತೆರೆಯಿತು. ಆ ಕ್ರಮವನ್ನು ಆಧಾರವಾಗಿಟ್ಟು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅದು ಬಂದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದುದನ್ನು ಗುರುತಿಸಿತು. ಪ್ರತಿಕೂಲ ಹೋಲಿಕೆಯನ್ನು ಮುಖ್ಯ ಕಾರಣವೆಂದು ಸೂಚಿಸಿತು.

ಶಾಲೆಯ ಶಿಕ್ಷಕರ ಕೆಲಸ ಹತ್ತನೆಯ ತರಗತಿಯಲ್ಲಿಯೇ ಆರಂಭವಾಗಬೇಕು. ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಗಟ್ಟಿಯಾಗಿ ಓದುವ ರೂಢಿ ಇನ್ನೂ ಉಳಿದಿದ್ದರೆ ಅದನ್ನು ಬಿಡುವುದೇ ಲೇಸು. ಮೊದಲಿಗರಿಗೂ ಅದರಿಂದ ಉಪಕಾರವಿಲ್ಲ, ಮುಂದೆ ಹೆಚ್ಚು ನೋಯುವವರು ಅವರೇ. ಅದರ ಬದಲು ವಿದ್ಯಾರ್ಥಿಯು ಜೂನ್ ತಿಂಗಳ ತನ್ನ ಉತ್ತರ ಪತ್ರಿಕೆಯನ್ನು ನವೆಂಬರದ್ದರ ಪಕ್ಕದಲ್ಲಿಟ್ಟು ನೋಡಲಿ. ಪ್ರತಿ ಪಾಠದ ಕೊನೆಯಲ್ಲಿ ಕನ್ನಡ ಪಾರಿಭಾಷಿಕ ಪದದೊಡನೆ ಅದರ ಇಂಗ್ಲಿಷ್ ಪದವನ್ನೂ ಬರೆಸುವುದು ಐದು ನಿಮಿಷದ ಕೆಲಸ. ಕಾಲೇಜಿನಲ್ಲಿರುವ ಹಳೆಯ ವಿದ್ಯಾರ್ಥಿಯನ್ನು ಕರೆಸಿದಾಗ ಅವನ ಬಹುಮಾನಗಳಿಗಿಂತ ಮೊದಲ ಆರು ತಿಂಗಳ ತೊಡಕುಗಳ ಕುರಿತು ಮಾತನಾಡಿಸಬೇಕು.

ನಿದ್ರೆ, ಊಟ, ಹಾಜರಾತಿ ವಾರಗಟ್ಟಲೆ ಕೆಟ್ಟಿರುವುದು ಕಂಡುಬಂದರೆ ಬುದ್ಧಿಮಾತು ಸಾಲದು; ವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸೇವೆ ನೀಡುತ್ತದೆ.