ಪಟ್ಟಿಯಲ್ಲಿ ಮೊದಲ ಸ್ಥಾನ: ಒಂಬತ್ತನೇ ತರಗತಿಯ ಒಂದು ಗಣಿತ ಪಾಠ

ಸಂಖ್ಯಾಶಾಸ್ತ್ರ ಘಟಕದಲ್ಲಿ ದತ್ತಾಂಶ ಕೊಟ್ಟರೆ ಮಕ್ಕಳು ಸ್ತಂಭಾಲೇಖವನ್ನು ಚೆನ್ನಾಗಿಯೇ ಎಳೆಯುತ್ತಾರೆ. ಆ ದತ್ತಾಂಶ ಎಲ್ಲಿಂದ ಬಂತು, ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂದು ಕೇಳುವುದು ಅಪರೂಪ. ಕ್ಯಾತ್ಸಂದ್ರದ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಒಂದು ಅವಧಿಯನ್ನು ಈ ಪ್ರಶ್ನೆಗೇ ಮೀಸಲಿಟ್ಟೆ. ಉದಾಹರಣೆಗೆ ರಘು ದೀಕ್ಷಿತ್ ಅವರ ತಂಡದ ಮೊದಲ ಆಲ್ಬಂ ಆರಿಸಿಕೊಂಡೆ.

ಪ್ರೇರಣೆಗೆ ಆ ಆಲ್ಬಂನಿಂದ ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಕೇಳಿಸಿದೆ. ಗಿಟಾರು, ಡ್ರಮ್ಮು ಕೇಳಿ ಹಿಂದಿನ ಬೆಂಚಿನವರೂ ನೆಟ್ಟಗೆ ಕೂತರು. ಬಳಿಕ ವಿಷಯ ಹೇಳಿದೆ: ಆಲ್ಬಂ ಬಂದದ್ದು 2008ರಲ್ಲಿ. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ, ಬ್ರಿಟನ್ನಿನ ಐಟ್ಯೂನ್ಸ್ ಅಂಗಡಿಯ ‘ವರ್ಲ್ಡ್ ಮ್ಯೂಸಿಕ್’ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ತರಗತಿ ಚಪ್ಪಾಳೆ ತಟ್ಟಿತು. ‘ಹಾಗಾದರೆ ಎಷ್ಟು ಪ್ರತಿ ಮಾರಾಟವಾಗಿರಬೇಕು?’ ಎಂದು ಕೇಳಿದೆ. ಲಕ್ಷ, ಹತ್ತು ಲಕ್ಷ, ಕೋಟಿ ಎಂಬ ಉತ್ತರಗಳು ಬಂದವು.

ಉತ್ತರ ಹೇಳದೆ ಚೀಟಿ ಹಂಚಿದೆ. ಪ್ರತಿಯೊಬ್ಬರೂ ತಮಗಿಷ್ಟದ ಒಂದು ಹಾಡು ಬರೆಯಬೇಕು. 34 ಚೀಟಿ ಬಂದವು. ತಾಳೆ ಗುರುತು ಹಾಕಿ ಎಣಿಸಿದಾಗ ಒಂದು ಸಿನಿಮಾ ಹಾಡಿಗೆ 9 ಮತ, ಅದೇ ಮೊದಲು. ಅಂದರೆ 25 ಮಂದಿ ಅದನ್ನು ಬರೆದಿರಲಿಲ್ಲ. ಆಮೇಲೆ ಜಾನಪದ, ತತ್ವಪದದ ಚೀಟಿಗಳನ್ನಷ್ಟೇ ಬೇರ್ಪಡಿಸಿದೆವು. ಇದ್ದವು ನಾಲ್ಕು, ಅಲ್ಲಿ ಮೂರು ಮತಕ್ಕೇ ಮೊದಲ ಸ್ಥಾನ! ಗುಂಪು ಕಿರಿದಾದಂತೆ ಮೊದಲಾಗಲು ಬೇಕಾದ ಸಂಖ್ಯೆಯೂ ಇಳಿಯಬಹುದೆಂಬುದನ್ನು ನಾನು ವಿವರಿಸಬೇಕಾಗಲಿಲ್ಲ.

‘ಮಿಸ್, ಹಂಗಾದ್ರೆ ಅವ್ರು ಫಸ್ಟ್ ಬಂದಿದ್ದು ಸುಳ್ಳಾ?’ ಎಂದಳು ಒಬ್ಬ ಹುಡುಗಿ. ಪಾಠದ ಸೂಕ್ಷ್ಮ ಇಲ್ಲೇ ಇದೆ. ಸುಳ್ಳಲ್ಲ. ಕನ್ನಡದ ತತ್ವಪದವಿರುವ ಆಲ್ಬಮ್ಮನ್ನು ಕನ್ನಡ ಬಾರದವರು ದುಡ್ಡು ಕೊಟ್ಟು ಕೊಂಡದ್ದು ಸಣ್ಣ ಮಾತಲ್ಲ. ಆದರೆ ಸ್ಥಾನವು ಯಾರು ಮುಂದಿದ್ದಾರೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಆ ಪಟ್ಟಿ ಒಂದು ದೇಶದ್ದು, ಒಂದು ಅಂಗಡಿಯದು, ಒಂದು ವಿಭಾಗದ್ದು, ಆಗಿನ ಕೆಲವು ದಿನಗಳದ್ದು. ಐಟ್ಯೂನ್ಸ್ ಅಂಗಡಿ ಭಾರತದಲ್ಲಿ ತೆರೆದದ್ದೇ 2012ರ ಡಿಸೆಂಬರಿನಲ್ಲಿ. 2010ರಲ್ಲಿ ತುಮಕೂರಿನಲ್ಲಿ ಯಾರಾದರೂ ಅದರ ಸಿಡಿ ಕೊಂಡಿದ್ದರೂ ಆ ಪಟ್ಟಿಯ ಎಣಿಕೆಗೆ ಸೇರುತ್ತಿರಲಿಲ್ಲ.

ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಬಾಯಿಂದ ಬಾಯಿಗೆ ಹರಡಿದವು, ಸಿ. ಅಶ್ವತ್ಥ್ ಅವರ ದನಿಯಲ್ಲಿ ಮನೆಮನೆ ತಲುಪಿದವು, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲೂ ಬಂದವು. ಇದನ್ನು ಹೇಳುತ್ತಿದ್ದಂತೆ ಕಿಟಕಿ ಪಕ್ಕದ ಹುಡುಗ ಎದ್ದು ನಿಂತ: ‘ನಮ್ಮ ತಾತನೂ ಭಜನೇಲಿ ಇದನ್ನ ಹಾಡ್ತಾರೆ ಮಿಸ್. ಅದನ್ನ ಯಾರು ಎಣಿಸ್ತಾರೆ?’

ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಹಾಗೇ ಬರೆದು ಮನೆಗೆಲಸವಾಗಿ ಕೊಟ್ಟೆ: ಈ ಹಾಡನ್ನು ಮೊದಲು ಕೇಳಿದ್ದು ರೇಡಿಯೋದಲ್ಲೋ, ಕ್ಯಾಸೆಟ್ಟಿನಲ್ಲೋ, ಭಜನೆಯಲ್ಲೋ, ಮೊಬೈಲಿನಲ್ಲೋ ಎಂದು ಮನೆಯವರನ್ನು ಕೇಳಿ ಬರಬೇಕು. ಕೇಳಿಯೇ ಇಲ್ಲ ಎಂದವರಿಗೂ ಒಂದು ಕಾಲಂ ಇಡಬೇಕು. ಈ ಪಾಠ ಮಾಡುವವರು ಚೀಟಿ ಎಣಿಕೆಗೆ ಹದಿನೈದು ನಿಮಿಷವಾದರೂ ಇಟ್ಟುಕೊಳ್ಳಲಿ. ಹಾಡನ್ನು ಪೂರ್ತಿ ಕೇಳಿಸಲು ಹೋದರೆ ಅವಧಿ ಸಾಲುವುದಿಲ್ಲ.